ಚಿಕ್ಕ ಕಾರಿಗೆ ದೊಡ್ಡ ಉಸಿರು

ದ್ವಾರಕೆಯ ಕಡೆಯಿಂದ ಬರುವ ನಮ್ಮ ಮೇಲಿನ ತರಗತಿಗಳ ವಿದ್ಯಾರ್ಥಿಗಳಲ್ಲಿ ಈಚೆಗೆ ಒಂದು ಹೊಸ ಹಂಬಲ ಹುಟ್ಟಿಕೊಂಡಿದೆ. ಬಿಡುವಿನ ವೇಳೆಯಲ್ಲಿ ಅವರ ಮಾತೆಲ್ಲ ಮೋಟಾರು ಗಾಡಿಯದೇ. ಅದರಲ್ಲಿಯೂ ಹೊರದೇಶದಿಂದ ಬಂದ ಪುಟ್ಟ ಕಾರೊಂದರ ಇಂಜಿನನ್ನು ಬಿಚ್ಚಿ, ಬಲಪಡಿಸಿ, ಅದಕ್ಕೆ ಟರ್ಬೊಚಾರ್ಜರ್ ಎಂಬ ಉಪಕರಣವನ್ನು ಜೋಡಿಸಿ, ಮರಳಿ ಗಾಡಿಯೊಳಗೆ ಕೂಡಿಸುವ ವಿದ್ಯೆಯು ಅವರ ಮನಸ್ಸನ್ನು ಸಂಪೂರ್ಣವಾಗಿ ಸೆರೆಹಿಡಿದಿದೆ. ಇದನ್ನು ಕೇಳಿದ ತಂದೆತಾಯಿಗಳು ಹೌಹಾರುತ್ತಾರೆ. ಓದುವ ವಯಸ್ಸಿನಲ್ಲಿ ಇದೆಂತಹ ಹುಚ್ಚು ಎಂದು ಅವರ ಆಕ್ಷೇಪ. ಹುಡುಗರಾದರೋ, ತಾವು ಯಾವುದೋ ಸಾಹಸಕ್ಕೆ ಹೊರಟ ವೀರರೆಂದೇ ಭಾವಿಸಿದ್ದಾರೆ. ಈ ಎರಡು ಅಭಿಪ್ರಾಯಗಳಲ್ಲಿ ಯಾವುದನ್ನೂ ನಾವು ಒಪ್ಪಲಾರೆವು. ಈ ಹಂಬಲದಲ್ಲಿ ಹುಚ್ಚಿಗಿಂತ ವಿದ್ಯೆಯ ಅಂಶವೇ ಹೆಚ್ಚು. ಆದರೆ ಆ ವಿದ್ಯೆ ಬೀದಿಯಲ್ಲಿ ಕಲಿಯತಕ್ಕದ್ದಲ್ಲ. ನಾವು ಇಲ್ಲಿ ಹೇಳಹೊರಟಿರುವುದು ಇದನ್ನೇ.

ಮೊದಲು ವಸ್ತುವೇನೆಂಬುದನ್ನು ತಿಳಿಯೋಣ. ಪೆಟ್ರೋಲು ಇಂಜಿನಿನಲ್ಲಿ ಸುಡುವ ಇಂಧನದ ಶಕ್ತಿಯಲ್ಲಿ ಸುಮಾರು ಮೂರರಲ್ಲೊಂದು ಪಾಲು ಬಿಸಿ ಹೊಗೆಯಾಗಿ ಹಿಂಬದಿಯ ಕೊಳವೆಯಿಂದ ಹೊರಟುಹೋಗುತ್ತದೆ. ಆ ಹೊಗೆಯನ್ನು ಒಂದು ಪುಟ್ಟ ಚಕ್ರದ ರೆಕ್ಕೆಗಳ ಮೇಲೆ ಹಾಯಿಸಿದರೆ ಅದು ತಿರುಗುವುದು. ಅದೇ ದಂಡದ ಇನ್ನೊಂದು ತುದಿಯಲ್ಲಿರುವ ಚಕ್ರವೂ ತಿರುಗಿ, ಹೊರಗಿನ ಗಾಳಿಯನ್ನು ಎಳೆದು ಒತ್ತಿ ಸಿಲಿಂಡರಿನೊಳಕ್ಕೆ ತುಂಬುವುದು. ಗಾಳಿ ಹೆಚ್ಚಾದರೆ ಅದಕ್ಕೆ ತಕ್ಕಷ್ಟು ಇಂಧನವನ್ನೂ ಹೆಚ್ಚಾಗಿ ಸುಡಬಹುದು. ಇಂಧನ ಹೆಚ್ಚು ಸುಟ್ಟರೆ ಬಲ ಹೆಚ್ಚು. ತತ್ತ್ವ ಇಷ್ಟೇ. ಕಮ್ಮಾರನ ತಿದಿಯನ್ನು ಬಲ್ಲವರಿಗೆ ಇದು ಹೊಸದೇನಲ್ಲ. ಹೊಸದಾಗಿರುವುದು ವೇಗ: ಚಿಕ್ಕ ಟರ್ಬೊವಿನ ಆ ದಂಡವು ನಿಮಿಷಕ್ಕೆ ಒಂದು ಲಕ್ಷ ಸುತ್ತುಗಳನ್ನು ಸಲೀಸಾಗಿ ಮೀರುತ್ತದೆ. ಕೆಂಪಗೆ ಕಾದ ಒಂದು ಚಕ್ರ, ಅದರಿಂದ ಅಂಗೈಯಗಲ ದೂರದಲ್ಲಿ ತಣ್ಣನೆಯ ಗಾಳಿಯನ್ನು ಎಳೆಯುವ ಇನ್ನೊಂದು ಚಕ್ರ, ಇವೆರಡರ ನಡುವೆ ದಂಡವನ್ನು ತೇಲಿಸುವ ಒಂದು ತೆಳುವಾದ ಎಣ್ಣೆಯ ಪದರ. ಇದನ್ನು ಯೋಚಿಸಿದವನಿಗೆ ಮೊದಲು ಆಗುವುದು ಭಯವಲ್ಲ, ಬೆರಗು.

ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಎಂಬ ಇಂಜಿನಿಯರು ಈ ಯೋಜನೆಗೆ 1905ರಲ್ಲಿಯೇ ಹಕ್ಕುಪತ್ರವನ್ನು ಪಡೆದಿದ್ದನು. ಆದರೆ ಇದರ ಉಪಯೋಗವನ್ನು ಲೋಕಕ್ಕೆ ಮನಗಾಣಿಸಿದ್ದು ವಿಮಾನ. ಮೇಲೇರಿದಂತೆ ಗಾಳಿ ತೆಳುವಾಗಿ ವಿಮಾನದ ಇಂಜಿನು ಏದುಸಿರು ಬಿಡುತ್ತಿತ್ತು. 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಎಂಬಾತನು ಲಿಬರ್ಟಿ ಎಂಬ ವಿಮಾನದ ಇಂಜಿನನ್ನು ಲಾರಿಯ ಮೇಲೆ ಹೇರಿಕೊಂಡು, ಹದಿನಾಲ್ಕು ಸಾವಿರ ಅಡಿ ಎತ್ತರದ ಪೈಕ್ಸ್ ಪೀಕ್ ಶಿಖರಕ್ಕೆ ಒಯ್ದನು. ಸಮುದ್ರಮಟ್ಟದಲ್ಲಿ 350 ಅಶ್ವಶಕ್ತಿ ಕೊಡುತ್ತಿದ್ದ ಆ ಇಂಜಿನು ಶಿಖರದ ಮೇಲೆ ಸುಮಾರು 230ಕ್ಕೆ ಇಳಿಯಿತು. ಟರ್ಬೊ ಜೋಡಿಸಿದ ಮೇಲೆ ಅದೇ ಶಿಖರದಲ್ಲಿ 356 ಕೊಟ್ಟಿತು. ನಮ್ಮ ದೃಷ್ಟಿಯಲ್ಲಿ ಟರ್ಬೊವಿನ ಚರಿತ್ರೆಯಲ್ಲಿ ಇದಕ್ಕಿಂತ ಸೊಗಸಾದ ಪ್ರಯೋಗವಿಲ್ಲ. ಏಕೆಂದರೆ ಇಲ್ಲಿ ಪೈಪೋಟಿಯಿಲ್ಲ, ಆಡಂಬರವಿಲ್ಲ, ಕಳೆದುಕೊಂಡದ್ದನ್ನು ಮರಳಿ ಪಡೆಯುವ ಉದ್ದೇಶವೊಂದೇ ಇತ್ತು.

ಇದು ನಮಗೆ ದೂರದ ಸಂಗತಿಯೆಂದು ತಿಳಿಯಬೇಡಿ. ರಜೆಯಲ್ಲಿ ಊರಿಗೆ ಹೋಗುವ ನೀವು ಬೆಂಗಳೂರನ್ನು ಬಲ್ಲಿರಿ. ಆ ನಗರವು ಸಮುದ್ರಮಟ್ಟಕ್ಕೆ ಒಂಬೈನೂರು ಮೀಟರುಗಳಿಗೂ ಮೇಲಿದೆ. ಅಲ್ಲಿಯ ವಾಯುವಿನ ಒತ್ತಡ ಕಡಲ ತೀರಕ್ಕಿಂತ ಹತ್ತರಲ್ಲೊಂದು ಪಾಲಿನಷ್ಟು ಕಡಮೆ. ಟರ್ಬೊ ಇಲ್ಲದ ಕಾರು ಮಂಗಳೂರಿನಲ್ಲಿ ತೋರಿದ ಬಲವನ್ನು ಬೆಂಗಳೂರಿನಲ್ಲಿ ತೋರಲಾರದು. ದೆಹಲಿಯು ಇನ್ನೂರು ಚಿಲ್ಲರೆ ಮೀಟರುಗಳ ಎತ್ತರದಲ್ಲಿದ್ದರೂ ಇಲ್ಲಿಯ ಬೇಸಗೆಯ ಬಿಸಿ ಅದೇ ಕೆಲಸವನ್ನು ಮಾಡುತ್ತದೆ: 15 ಡಿಗ್ರಿಯ ಗಾಳಿಗೂ 45 ಡಿಗ್ರಿಯ ಗಾಳಿಗೂ ಸಾಂದ್ರತೆಯಲ್ಲಿ ಸುಮಾರು ಶೇಕಡ 9ರಷ್ಟು ವ್ಯತ್ಯಾಸವುಂಟು. ಇಂದು ಶಿರಾಡಿ ಘಟ್ಟವನ್ನು ಹತ್ತುವ ಹೊಸ ಬಸ್ಸುಗಳ ಡೀಸೆಲ್ ಇಂಜಿನುಗಳಲ್ಲಿ ಟರ್ಬೊ ಇದ್ದೇ ಇದೆ. ಲಡಾಖಿಗೆ ಸಾಮಾನು ಹೊರುವ ಲಾರಿಗಳಲ್ಲಿಯೂ ಅದೇ. ಹಾಗಿರುವಾಗ ಟರ್ಬೊ ಎಂಬ ಹೆಸರು ಕೇಳಿದೊಡನೆ ಪುಂಡಾಟಿಕೆಯೆಂದು ಮುಖ ಸಿಂಡರಿಸುವುದು ಸರಿಯಲ್ಲ. ದಿನವೂ ಅದರ ಉಪಕಾರವನ್ನು ಪಡೆಯುತ್ತಲೇ ನಾವು ಅದನ್ನು ಬೈಯುತ್ತಿದ್ದೇವೆ.

ಇನ್ನು ಪುಟ್ಟ ಕಾರಿನ ವಿಷಯ. ದ್ವಾರಕೆಯ ಹುಡುಗನಿಗೆ ಇದಕ್ಕೆ ಉದಾಹರಣೆ ಹುಡುಕಿಕೊಂಡು ಜಪಾನಿಗೆ ಹೋಗಬೇಕಾದ ಕಾರಣವಿಲ್ಲ. ಅವನ ನೆರೆಯ ಗುರುಗ್ರಾಮದಲ್ಲಿಯೇ, ಆಗಿನ ಗುಡ್‌ಗಾಂವಿನಲ್ಲಿ, 1983ರ ಡಿಸೆಂಬರ್ 14ರಂದು ಮೊದಲನೆಯ ಮಾರುತಿ 800 ಕಾರಿನ ಬೀಗದ ಕೈಯನ್ನು ಅದರ ಒಡೆಯನಿಗೆ ಒಪ್ಪಿಸಲಾಯಿತು. ಮೊದಲ ಮಾರುತಿಗಳು ಹೆಸರಿಗೆ ದೇಶೀಯವಾದರೂ, ಜಪಾನಿನ ಸುಜುಕಿ ಕಂಪೆನಿಯಿಂದ ಭಾಗಗಳಾಗಿ ಬಂದು ಇಲ್ಲಿ ಜೋಡಣೆಯಾದ ಆಮದು ಕಾರುಗಳೇ. ಅದರ ಇಂಜಿನು 796 ಘನ ಸೆಂಟಿಮೀಟರಿನದು, ಮೂರು ಸಿಲಿಂಡರುಗಳದು; ಬಲ ನಲವತ್ತು ಅಶ್ವಶಕ್ತಿಗೂ ತುಸು ಕಡಮೆ. 1986ರಲ್ಲಿ ಅದಕ್ಕೆ ಸುಜುಕಿಯ ಎರಡನೆಯ ತಲೆಮಾರಿನ ಆಲ್ಟೊ ಕಾರಿನ ಒಡಲು ಬಂದಿತು. ಮರುವರ್ಷ, ಎಂದರೆ 1987ರಲ್ಲಿ, ಜಪಾನಿನಲ್ಲಿ ಅದೇ ಆಲ್ಟೊವಿಗೆ ಸುಜುಕಿಯವರು ಟರ್ಬೊ ಜೋಡಿಸಿ ಆಲ್ಟೊ ವರ್ಕ್ಸ್ ಎಂದು ಹೆಸರಿಟ್ಟು ಮಾರಿದರು. ಅದರ ಇಂಜಿನು ಕೇವಲ 543 ಘನ ಸೆಂಟಿಮೀಟರು. ಬಲ 64 ಅಶ್ವಶಕ್ತಿ!

ಇದನ್ನು ಸ್ವಲ್ಪ ಲೆಕ್ಕ ಹಾಕಿ ನೋಡಿ. ಅಕ್ಕತಂಗಿಯರಂತಹ ಎರಡು ಕಾರುಗಳು. ಒಂದು ದೆಹಲಿಯ ಗುಮಾಸ್ತನ ಸಂಸಾರವನ್ನು ಹೊತ್ತು ಕಚೇರಿಗೂ ಸಂತೆಗೂ ತಿರುಗಿತು. ಇನ್ನೊಂದು ಅದಕ್ಕಿಂತಲೂ ಚಿಕ್ಕ ಇಂಜಿನಿನಿಂದ ಒಂದೂವರೆ ಪಟ್ಟಿಗೂ ಹೆಚ್ಚು ಬಲವನ್ನು ಹೊರಡಿಸಿತು. ಮಾರುತಿಯೂ ಅದೇ ಪ್ರಮಾಣದಲ್ಲಿ ಬಲ ಕೊಟ್ಟಿದ್ದರೆ ಅದು 94 ಅಶ್ವಶಕ್ತಿಯ ಕಾರಾಗಬೇಕಾಗಿತ್ತು. ಹಾಗಾದರೆ ಅಕ್ಕನಿಗೆ ಇದ್ದುದು ತಂಗಿಗೆ ಏಕೆ ಇರಬಾರದು ಎಂದು ಹದಿನಾರರ ಹುಡುಗ ಕೇಳಿದರೆ ಅದನ್ನು ನಾವು ಅಧಿಕಪ್ರಸಂಗವೆನ್ನಲಾರೆವು. ಅದು ನ್ಯಾಯವಾದ ಪ್ರಶ್ನೆ. ಉತ್ತರವೂ ಇದೆ, ಆದರೆ ಅದು ಹುಡುಗನು ಬಯಸುವಷ್ಟು ಚಿಕ್ಕದಲ್ಲ.

ಸುಜುಕಿಯವರು ಹಳೆಯ ಇಂಜಿನಿಗೆ ಟರ್ಬೊವನ್ನು ಸುಮ್ಮನೆ ಕಟ್ಟಿ ಬಿಡಲಿಲ್ಲ. ಪ್ರತಿ ಸಿಲಿಂಡರಿಗೆ ನಾಲ್ಕು ವಾಲ್ವುಗಳಿರುವ ಹೊಸ ಹೆಡ್ಡನ್ನು ಮಾಡಿದರು. ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರನ್ನು ಕೂಡಿಸಿದರು. ಇಂಧನವನ್ನು ಅಳೆದು ಕೊಡುವ ವ್ಯವಸ್ಥೆಯನ್ನು ಅದಕ್ಕೆ ಹೊಂದುವಂತೆ ರೂಪಿಸಿದರು. ಒಂದನ್ನು ಬದಲಿಸಿದರೆ ಉಳಿದದ್ದೆಲ್ಲ ಬದಲಾಗಬೇಕೆಂಬುದು ಅವರಿಗೆ ಗೊತ್ತಿತ್ತು. ಬೀದಿಯ ಬದಿಯ ಅವಸರದ ಜೋಡಣೆಯಲ್ಲಿ ತಪ್ಪಿಹೋಗುವುದು ಇದೇ.

ದೆಹಲಿಯ ಮೇ ತಿಂಗಳನ್ನೇ ತೆಗೆದುಕೊಳ್ಳೋಣ. ಹೊರಗೆ 45 ಡಿಗ್ರಿ ಬಿಸಿಲು. ಟರ್ಬೊವು ಆ ಗಾಳಿಯ ಒತ್ತಡವನ್ನು ಒಂದೂವರೆ ಪಟ್ಟಿಗೆ ಏರಿಸಿತೆನ್ನಿ. ಒತ್ತಿದ ಗಾಳಿ ಕಾಯುತ್ತದೆಂಬುದನ್ನು ಸೈಕಲ್ಲಿಗೆ ಪಂಪು ಹೊಡೆದವರೆಲ್ಲ ಬಲ್ಲರು. ಸಾಧಾರಣ ದಕ್ಷತೆಯ ಟರ್ಬೊವಿನಲ್ಲಿ ಆ ಗಾಳಿ ಸುಮಾರು 100 ಡಿಗ್ರಿಗೆ ಏರಿ ನಿಲ್ಲುವುದು. ಕುದಿಯುವ ನೀರಿನಷ್ಟು ಬಿಸಿ. ಕಾದ ಗಾಳಿ ಹಿಗ್ಗುವುದರಿಂದ, ಒತ್ತಡ ಅರ್ಧದಷ್ಟು ಹೆಚ್ಚಿದರೂ ಸಿಲಿಂಡರಿಗೆ ನಿಜವಾಗಿ ಸೇರುವ ಗಾಳಿಯ ತೂಕ ಕಾಲು ಭಾಗಕ್ಕಿಂತ ತುಸು ಮಾತ್ರ ಹೆಚ್ಚುವುದು. ನಡುವೆ ಇಂಟರ್‌ಕೂಲರನ್ನಿಟ್ಟು ಅದೇ ಗಾಳಿಯನ್ನು 60 ಡಿಗ್ರಿಗೆ ಇಳಿಸಿದರೆ ಆ ಹೆಚ್ಚಳ ಶೇಕಡ 40ನ್ನು ದಾಟುತ್ತದೆ. ಮಾರುಕಟ್ಟೆಯಲ್ಲಿ ಟರ್ಬೊ ಕೊಂಡು ಇಂಟರ್‌ಕೂಲರಿಗೆ ಹಣವಿಲ್ಲವೆನ್ನುವವನು ಅಕ್ಕಿ ಕೊಂಡು ಸೌದೆಗೆ ಕಾಸಿಲ್ಲವೆಂದಂತೆಯೇ ಸರಿ. ಜನವರಿಯ ಚಳಿಯಲ್ಲಿ ಸೊಗಸಾಗಿ ಓಡಿದ ಇಂಜಿನು ಮೇ ತಿಂಗಳಲ್ಲಿ ಒಡೆದುಹೋಗುವುದಕ್ಕೆ ಕಾರಣ ಗ್ರಹಗತಿಯಲ್ಲ, ಭೌತಶಾಸ್ತ್ರ.

ಬಿಸಿ ಗಾಳಿಯಿಂದ ಬಲ ಕಡಮೆಯಾಗುವುದು ಚಿಕ್ಕ ಕೇಡು. ದೊಡ್ಡ ಕೇಡು ಬೇರೆ. ಸಿಲಿಂಡರಿನಲ್ಲಿ ಕಿಡಿಯಿಂದ ಹೊತ್ತಿ ಕ್ರಮವಾಗಿ ಹರಡಬೇಕಾದ ಉರಿಯು, ಬಿಸಿಯೂ ಒತ್ತಡವೂ ಮಿತಿಮೀರಿದಾಗ ತನ್ನಷ್ಟಕ್ಕೆ ತಾನೇ ಒಂದು ಮೂಲೆಯಲ್ಲಿ ಸಿಡಿಯುವುದು. ಇಂಜಿನು ಕುಟ್ಟುತ್ತದೆಯೆಂದು ಮೇಸ್ತ್ರಿಗಳು ಹೇಳುವುದು ಇದನ್ನೇ. ಆ ಕುಟ್ಟುವಿಕೆಯು ಕೆಲವೇ ಕ್ಷಣಗಳಲ್ಲಿ ಪಿಸ್ಟನ್ನಿನ ನೆತ್ತಿಯನ್ನು ತೂತುಮಾಡಬಲ್ಲದು. ಆದುದರಿಂದಲೇ ತಿಳಿದವರು ಟರ್ಬೊ ಕೂಡಿಸುವ ಮುನ್ನ ಸಂಪೀಡನದ ಪ್ರಮಾಣವನ್ನು ತಗ್ಗಿಸುತ್ತಾರೆ; ಕಿಡಿ ಹಾರುವ ವೇಳೆಯನ್ನು ಸ್ವಲ್ಪ ಹಿಂದಕ್ಕೆ ಸರಿಸುತ್ತಾರೆ; ಇಂಧನವನ್ನು ತುಸು ಧಾರಾಳವಾಗಿ ಕೊಡುತ್ತಾರೆ; ಒತ್ತಡ ಗೊತ್ತಾದ ಮಿತಿಯನ್ನು ಮೀರಿದಾಗ ಹೊಗೆಯನ್ನು ಟರ್ಬೊವಿನಿಂದ ಆಚೆಗೆ ಹರಿಸಿಬಿಡುವ ವೇಸ್ಟ್‌ಗೇಟ್ ಎಂಬ ಕಿಂಡಿಯನ್ನು ಎಚ್ಚರದಿಂದ ಸರಿಪಡಿಸುತ್ತಾರೆ. ಪಿಸ್ಟನ್ನಿನ ರಿಂಗುಗಳ ತುದಿಗಳ ನಡುವೆ ಬಿಡುವ ಸಂದಿಯನ್ನೂ ಹೆಚ್ಚಿಸಬೇಕು. ಬಿಸಿಗೆ ರಿಂಗು ಹಿಗ್ಗಿ ತುದಿಗಳು ಒಂದಕ್ಕೊಂದು ತಾಗಿದರೆ ಮುರಿಯದೆ ಬೇರೆ ಗತಿಯಿಲ್ಲ. ಕೂದಲೆಳೆಯ ದಪ್ಪದ ಆ ಸಂದಿಯನ್ನು ಅಳೆಯಲು ತಾಳ್ಮೆಯಿಲ್ಲದವನು ಸಾವಿರಾರು ರೂಪಾಯಿಗಳ ಟರ್ಬೊವಿಗೆ ಕೈಹಾಕಬಾರದು.

ಹಳೆಯ ಮಾರುತಿಯಲ್ಲಿ ಕಾರ್ಬ್ಯುರೇಟರಿದೆ. ಅದು ಗಾಳಿಯ ಸಹಜವಾದ ಸೆಳೆತವನ್ನು ನಂಬಿ ಪೆಟ್ರೋಲನ್ನು ಅಳೆಯುವ ಉಪಕರಣ. ಒಳಗಿನಿಂದ ಒತ್ತಿ ಬರುವ ಗಾಳಿಯ ಮುಂದೆ ಅದರ ಲೆಕ್ಕ ತಪ್ಪುತ್ತದೆ. ಮುಂದಿನ ಮಾದರಿಗಳಲ್ಲಿ ಇಂಧನವನ್ನು ಚಿಮ್ಮಿಸುವ ವಿದ್ಯುನ್ಮಾನ ವ್ಯವಸ್ಥೆ ಬಂದಿತು. ಅಲ್ಲಿ ಲೆಕ್ಕವೆಲ್ಲ ಒಂದು ಚಿಕ್ಕ ಗಣಕದಲ್ಲಿದೆ, ಅದನ್ನು ಹೊಸದಾಗಿ ಬರೆಯಬೇಕು. ಇದರ ಮೇಲೆ ಪೆಟ್ರೋಲೂ ಬದಲಾಗಿದೆ. 2025ರ ಹೊತ್ತಿಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥೆನಾಲ್ ಬೆರೆಯತೊಡಗಿತು. ಎಥೆನಾಲ್ ಆವಿಯಾಗುವಾಗ ಹೆಚ್ಚು ಶಾಖವನ್ನು ಹೀರುವುದರಿಂದ ಕುಟ್ಟುವಿಕೆಯನ್ನು ತಡೆಯುವ ಗುಣ ಅದಕ್ಕುಂಟು. ಆದರೆ ಹಳೆಯ ಕಾರಿನ ರಬ್ಬರು ಕೊಳವೆಗಳಿಗೆ ಅದು ಹಿತವಲ್ಲ. ಮತ್ತು ಅಷ್ಟೇ ಗಾಳಿಗೆ ಹೆಚ್ಚು ಇಂಧನವನ್ನು ಬೇಡುತ್ತದೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದರಲ್ಲಿ ಕಸಿಯುವ ಸ್ವಭಾವದ ದ್ರವ ಅದು. ಹೀಗೆ ಇಂಜಿನು ಕಟ್ಟಹೊರಟವನು ರಸಾಯನಶಾಸ್ತ್ರದ ಪಾಠಕ್ಕೂ ಹೋಗಬೇಕಾಗುತ್ತದೆ, ಲೆಕ್ಕದ ಮೇಷ್ಟರ ಬಳಿಗೂ ಹೋಗಬೇಕಾಗುತ್ತದೆ.

ಕಟ್ಟುವುದು ಮುಗಿದರೆ ಕೂಡಿಸುವುದು. ಮಾರುತಿಯ ಮುಂಭಾಗ ಎಷ್ಟು ಕಿರಿದೆಂಬುದನ್ನು ಕಂಡವರೇ ಬಲ್ಲರು. ಅಲ್ಲಿ ಟರ್ಬೊವಿಗೆ ಜಾಗ, ಅದರ ಬಿಸಿ ತಾಗದಂತೆ ತಂತಿಗಳಿಗೂ ಪೆಟ್ರೋಲು ನಾಳಕ್ಕೂ ಮರೆ, ಎಣ್ಣೆ ಹೋಗಿ ಬರುವ ದಾರಿ, ಇಂಟರ್‌ಕೂಲರಿಗೆ ಗಾಳಿ ಬೀಸುವ ಮುಖ, ಇವನ್ನೆಲ್ಲ ಹೊಂದಿಸಬೇಕು. ಟರ್ಬೊವಿನಿಂದ ಹಿಂದಿರುಗುವ ಎಣ್ಣೆ ಇಳಿಜಾರಿನಲ್ಲಿ ತಾನಾಗಿಯೇ ಕೆಳಕ್ಕೆ ಹರಿಯುವಂತಿರಬೇಕು, ಇಲ್ಲದಿದ್ದರೆ ಅದು ಹೊಗೆಯ ದಾರಿ ಹಿಡಿದು ಉರಿಯುತ್ತದೆ. ಜೋರಾಗಿ ಓಡಿಬಂದ ಗಾಡಿಯ ಇಂಜಿನನ್ನು ಥಟ್ಟನೆ ನಿಲ್ಲಿಸಲೂ ಕೂಡದು. ಒಂದೆರಡು ನಿಮಿಷ ಮೆಲ್ಲಗೆ ತಿರುಗಲು ಬಿಡಬೇಕು. ನಿಂತುಹೋದ ಎಣ್ಣೆ ಕಾದ ದಂಡದ ಸುತ್ತ ಕರಿಕಾಗಿ ಗಟ್ಟಿಯಾಗುವುದು. ಇವೆಲ್ಲ ಪುಸ್ತಕದಲ್ಲಿ ಒಂದೊಂದು ಸಾಲಿನ ವಿಷಯ. ಕೈಯಿಂದ ಕಲಿತರೆ ಜೀವಮಾನದಲ್ಲಿ ಮರೆಯುವುದಿಲ್ಲ.

ಆದರೆ ಹುಡುಗರ ಮಾತಿನಲ್ಲಿ ನಮಗೆ ಒಂದು ಪದ ಕೇಳಿಸುವುದೇ ಇಲ್ಲ, ಬ್ರೇಕು. ಅಶ್ವಶಕ್ತಿಯ ಸಂಖ್ಯೆಗಳು ಅವರ ನಾಲಿಗೆಯ ಮೇಲೆ ನಲಿಯುತ್ತವೆ. ಆ ಕಾರು ನಿಲ್ಲುವುದೆಂತು ಎಂಬ ಪ್ರಶ್ನೆ ಏಳುವುದಿಲ್ಲ. ಚಲಿಸುವ ವಸ್ತುವಿನ ಶಕ್ತಿಯು ವೇಗದ ವರ್ಗದಂತೆ ಬೆಳೆಯುತ್ತದೆಂದು ಒಂಬತ್ತನೆಯ ತರಗತಿಯಲ್ಲಿಯೇ ಕಲಿತಿದ್ದೀರಿ. 60 ಕಿಲೋಮೀಟರಿನಿಂದ 120ಕ್ಕೆ ಹೋದರೆ ಬ್ರೇಕು ನುಂಗಬೇಕಾದ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಆರುನೂರೈವತ್ತು ಕಿಲೋಗ್ರಾಮಿನ ಆಸುಪಾಸಿನ ತೂಕದ, ಹನ್ನೆರಡು ಅಂಗುಲದ ಗಾಲಿಗಳ, ತೆಳು ತಗಡಿನ ಕಾರು ಅದು. ಸಂಸಾರವಂದಿಗರ ನಿಧಾನದ ಪಯಣಕ್ಕೆಂದು ಮಾಡಿದ ಬ್ರೇಕುಗಳು ಅದರಲ್ಲಿವೆ. ಟರ್ಬೊ ಜೋಡಿಸುವವನು ಮೊದಲ ರೂಪಾಯಿಯನ್ನು ಬ್ರೇಕಿಗೆ, ಎರಡನೆಯದನ್ನು ಟೈರಿಗೆ ಖರ್ಚು ಮಾಡಲೊಪ್ಪಿದರೆ ಮಾತ್ರ ಮೂರನೆಯ ರೂಪಾಯಿಯ ಮಾತನ್ನು ನಾವು ಕೇಳಲು ಸಿದ್ಧ.

ದ್ವಾರಕೆಯ ರಸ್ತೆಗಳು ಅಗಲವಾಗಿವೆ, ನೇರವಾಗಿವೆ. ಯೋಜನೆ ಹಾಕಿ ಕಟ್ಟಿದ ಉಪನಗರವಾದ್ದರಿಂದ ಹಳೆಯ ದೆಹಲಿಯ ಇಕ್ಕಟ್ಟು ಇಲ್ಲಿಲ್ಲ. ರಾತ್ರಿಯ ಹೊತ್ತು ಬರಿದಾಗಿ ಕಾಣುವ ಆ ರಸ್ತೆಗಳೇ ಆಮಿಷ. ಆದರೆ ಅವು ಬರಿದಲ್ಲ. ಕೊನೆಯ ಮೆಟ್ರೋದಿಂದ ಇಳಿದು ನಡೆದು ಹೋಗುವವರು, ವಿಮಾನ ನಿಲ್ದಾಣದ ಪಾಳಿ ಮುಗಿಸಿ ಸೈಕಲ್ಲಿನಲ್ಲಿ ಮರಳುವವರು, ಕಾವಲುಗಾರರು, ಬೆಳಗಿನ ಜಾವದ ಹಾಲಿನವರು, ಇವರೆಲ್ಲರ ರಸ್ತೆ ಅದು. ತನ್ನ ಇಂಜಿನಿನ ಪರೀಕ್ಷೆಗೆ ಇನ್ನೊಬ್ಬರ ಪ್ರಾಣವನ್ನು ಒಡ್ಡುವ ಅಧಿಕಾರ ಯಾರಿಗೂ ಇಲ್ಲ. ಇದರಲ್ಲಿ ನಮ್ಮದು ಎರಡು ಮಾತಿಲ್ಲ. ಹೊಗೆಯ ಕೊಳವೆಯಲ್ಲಿರುವ ಶೋಧಕವನ್ನು ಕಿತ್ತೆಸೆದು ಸದ್ದನ್ನು ಹೆಚ್ಚಿಸಿಕೊಳ್ಳುವ ಚಾಳಿಯಂತೂ ದೆಹಲಿಯಂತಹ ಊರಿನಲ್ಲಿ ಅಕ್ಷಮ್ಯ. ನವೆಂಬರಿನಲ್ಲಿ ಉಸಿರಾಟ ಕಷ್ಟವಾಗಿ ಶಾಲೆಗೆ ರಜೆ ಕೊಡುವ ಊರು ಇದು. ಕಾರಿಗೆ ದೊಡ್ಡ ಉಸಿರನ್ನು ಕೊಡುವ ಭರದಲ್ಲಿ ತಮ್ಮನ ಉಸಿರನ್ನು ಕಿತ್ತುಕೊಳ್ಳಬಹುದೆ?

ಕಾಯಿದೆಯ ಮಾತೂ ಸ್ಪಷ್ಟವಾಗಿದೆ. ನೋಂದಣಿ ಪತ್ರದಲ್ಲಿರುವ ವಿವರಗಳಿಗೂ ತಯಾರಕರು ನಿಗದಿ ಮಾಡಿದ ವಿವರಗಳಿಗೂ ವ್ಯತ್ಯಾಸ ಬರುವಂತೆ ಒಡೆಯನು ಗಾಡಿಯನ್ನು ಮಾರ್ಪಡಿಸಕೂಡದೆಂದು ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು ಹೇಳುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಪ್ರತಿಯೊಂದು ಅಕ್ರಮ ಮಾರ್ಪಾಟಿಗೂ ಐದು ಸಾವಿರ ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ ಎಂದಾಯಿತು. ಇದಲ್ಲದೆ ದೆಹಲಿ ಪ್ರಾಂತದಲ್ಲಿ ಹದಿನೈದು ವರ್ಷ ಮೀರಿದ ಪೆಟ್ರೋಲು ಗಾಡಿಗಳು ಓಡಕೂಡದೆಂದು 2018ರ ಅಕ್ಟೋಬರಿನಲ್ಲಿ ಅದೇ ನ್ಯಾಯಾಲಯ ಆಜ್ಞೆ ಮಾಡಿತು. 2025ರಲ್ಲಿ ಆ ವಿಷಯ ಮತ್ತೆ ನ್ಯಾಯಾಲಯದ ಮುಂದೆ ಚರ್ಚೆಗೆ ಬಂದಿತು. ಮಾರುತಿ 800ರ ತಯಾರಿಕೆ 2014ರಲ್ಲಿಯೇ ನಿಂತುಹೋದ್ದರಿಂದ ಅದರ ಕಾಲ ದೆಹಲಿಯ ಬೀದಿಗಳಲ್ಲಿ ಮುಗಿದಂತೆಯೇ.

ಕಾಯಿದೆಯನ್ನು ಪಾಲಿಸಬೇಕು. ಪಾಲಿಸುತ್ತಲೇ ಅದನ್ನು ಪ್ರಶ್ನಿಸುವ ಹಕ್ಕೂ ನಮಗಿದೆ. ಇದೇ ಊರಿನಲ್ಲಿ ಪೆಟ್ರೋಲು ಕಾರಿಗೆ ಅನಿಲದ ತೊಟ್ಟಿಯನ್ನು ಕೂಡಿಸಿ ಓಡಿಸಲು ದಾರಿಯುಂಟು. ಒಪ್ಪಿಗೆ ಪಡೆದ ಸಾಮಾನು, ಒಪ್ಪಿಗೆ ಪಡೆದ ಕಾರ್ಯಾಗಾರ, ತಪಾಸಣೆ, ನೋಂದಣಿ ಪತ್ರದಲ್ಲಿ ದಾಖಲೆ; ಕೆಲಸ ಮುಗಿಯಿತು. ಹಳೆಯ ಗಾಡಿಗೆ ವಿದ್ಯುತ್ ಮೋಟಾರನ್ನು ಜೋಡಿಸುವುದಕ್ಕೂ ನಿಯಮಗಳಿವೆ. ಇನ್ನೂರು ಪಟ್ಟು ವಾತಾವರಣದ ಒತ್ತಡದಲ್ಲಿ ತುಂಬಿದ ಅನಿಲದ ತೊಟ್ಟಿಯನ್ನು ಹಿಂಬದಿಯ ಆಸನದ ಬೆನ್ನಿಗೆ ಕಟ್ಟಿಕೊಂಡು ಹೋಗುವುದನ್ನು ಪರೀಕ್ಷಿಸಿ ಒಪ್ಪಬಲ್ಲ ಸರ್ಕಾರವು, ಅರ್ಧ ಪಟ್ಟು ಒತ್ತಡದ ಗಾಳಿಯನ್ನು ಪರೀಕ್ಷಿಸಿ ಒಪ್ಪಲಾರದೆ? ಬ್ರೇಕು, ಹೊಗೆ, ಸದ್ದು ಇವನ್ನು ಅಳೆದು ನೋಡಿ, ಸರಿಯಿದ್ದರೆ ಮುದ್ರೆಯೊತ್ತಿ, ತಪ್ಪಿದ್ದರೆ ತಿರಸ್ಕರಿಸಲಿ. ಬಾಗಿಲನ್ನು ಪೂರ್ತಿ ಮುಚ್ಚಿದರೆ ಜನರು ಕಿಟಕಿಯಿಂದ ನುಗ್ಗುತ್ತಾರೆ. ಈಗ ಆಗುತ್ತಿರುವುದು ಅದೇ. ಕೆಲಸ ಗುಟ್ಟಾಗಿ ನಡೆಯುತ್ತದೆ, ಗುಟ್ಟಾಗಿ ನಡೆಯುವುದರಿಂದ ಕೆಟ್ಟದಾಗಿ ನಡೆಯುತ್ತದೆ.

ಕೆಟ್ಟದಾಗಿ ನಡೆಯುವುದಕ್ಕೆ ಗುಜರಿಯ ಸಾಮಾನು ಇನ್ನೊಂದು ಕಾರಣ. ದ್ವಾರಕೆಗೆ ಹೆಚ್ಚು ದೂರವಲ್ಲದ ಮಾಯಾಪುರಿಯಲ್ಲಿ ಹಳೆಯ ಮೋಟಾರು ಭಾಗಗಳ ದೊಡ್ಡ ಸಂತೆಯೇ ಇದೆ. ಬೆಂಗಳೂರಿನ ಶಿವಾಜಿನಗರದ ಗುಜರಿಯನ್ನು ಕಂಡವರಿಗೆ ಅದರ ಚಿತ್ರ ಹೊಳೆಯಬಹುದು. ಅಲ್ಲಿಯ ಕುಶಲಿಗಳನ್ನು ನಾವು ಹಳಿಯುವುದಿಲ್ಲ. ಒಂದು ಬೋಲ್ಟನ್ನು ಮುಟ್ಟಿ ನೋಡಿ ಅದರ ಕುಲಗೋತ್ರ ಹೇಳಬಲ್ಲವರು ಅವರಲ್ಲಿದ್ದಾರೆ. ಆದರೆ ವಸ್ತುವಿನ ಪೂರ್ವೋತ್ತರ ತಿಳಿಯದೆ ಬಿಚ್ಚುವುದರ ಅಪಾಯವನ್ನು ಮಾಯಾಪುರಿಯೇ 2010ರಲ್ಲಿ ಕಂಡಿತು. ವಿಶ್ವವಿದ್ಯಾನಿಲಯವೊಂದು ಹರಾಜು ಹಾಕಿದ ಹಳೆಯ ಉಪಕರಣವೊಂದರೊಳಗೆ ಕೋಬಾಲ್ಟ್ 60 ಇದ್ದುದು ಬಿಚ್ಚಿದವರಿಗೆ ತಿಳಿದಿರಲಿಲ್ಲ. ವಿಕಿರಣದಿಂದ ಹಲವರು ಅಸ್ವಸ್ಥರಾಗಿ ಒಬ್ಬ ಕಾರ್ಮಿಕನು ಪ್ರಾಣ ಬಿಟ್ಟನು. ತಪ್ಪು ಬಿಚ್ಚಿದವನದಲ್ಲ, ಓದಿದವರದು. ಟರ್ಬೊವಿಗೂ ಇದಕ್ಕೂ ನೇರ ಸಂಬಂಧವಿಲ್ಲವೆಂದು ಬಲ್ಲೆವು. ಆದರೂ ಹೇಳದೆ ಇರಲಾಗಲಿಲ್ಲ.

ವಿದ್ಯುತ್ ಕಾರುಗಳು ಬಂದಿರುವಾಗ ಈ ಹಳೆಯ ವಿದ್ಯೆ ಏಕೆ ಬೇಕೆಂದು ಕೆಲವರು ಕೇಳುವರು. ಕೇಳಬೇಕಾದ ಪ್ರಶ್ನೆಯೇ. ಆದರೆ ಟರ್ಬೊ ಇಂದು ಪಂದ್ಯದ ಕಾರುಗಳ ಸೊತ್ತಾಗಿ ಉಳಿದಿಲ್ಲ. ಇಂಧನವನ್ನು ಉಳಿಸಲೆಂದೇ ದೊಡ್ಡ ಇಂಜಿನುಗಳ ಬದಲು ಟರ್ಬೊ ಇರುವ ಚಿಕ್ಕ ಇಂಜಿನುಗಳು ಬಂದವು. ನಮ್ಮ ದೇಶದಲ್ಲಿ 2013ರಲ್ಲಿ ಫೋಕ್ಸ್‌ವ್ಯಾಗನ್ ಪೋಲೋ, 2014ರಲ್ಲಿ ಟಾಟಾ ಜೆಸ್ಟ್ ಕಾರುಗಳಿಗೆ ಅಂತಹ 1.2 ಲೀಟರಿನ ಪೆಟ್ರೋಲು ಇಂಜಿನುಗಳನ್ನು ಅಳವಡಿಸಿದರು. 2019ರ ಹ್ಯುಂಡೈ ವೆನ್ಯೂ ಒಂದೇ ಲೀಟರಿನ ಇಂಜಿನಿನಿಂದ 120 ಅಶ್ವಶಕ್ತಿ ಕೊಟ್ಟಿತು. ಜಲಜನಕದಿಂದ ವಿದ್ಯುತ್ತು ಮಾಡುವ ಕೋಶಗಳಿಗೂ ಗಾಳಿಯನ್ನು ಒತ್ತಿ ತುಂಬುವ ಚಕ್ರ ಬೇಕು. ಬಿಸಿ, ಒತ್ತಡ, ಹರಿವು, ಸವೆತ ಇವುಗಳ ಪಾಠ ಯಾವ ಯಂತ್ರ ಬಂದರೂ ಹಳತಾಗುವುದಿಲ್ಲ. ಇನ್ನು ಮೊದಲ ಪ್ರಯತ್ನದಲ್ಲಿಯೇ ಗೆಲ್ಲುವುದು ಈ ವಿದ್ಯೆಯಲ್ಲಿ ದೊಡ್ಡವರಿಗೂ ಆಗಿಲ್ಲ. ರೆನೋ ಕಂಪೆನಿಯವರು 1977ರಲ್ಲಿ ಫಾರ್ಮುಲಾ ಒಂದರ ಪಂದ್ಯಕ್ಕೆ ಟರ್ಬೊ ಕಾರನ್ನು ತಂದಾಗ ಅದು ಮತ್ತೆ ಮತ್ತೆ ಬಿಳಿ ಹೊಗೆಯುಗುಳಿ ನಿಂತು, ಹಳದಿ ಚಹಾಪಾತ್ರೆಯೆಂಬ ಅಡ್ಡಹೆಸರು ಪಡೆಯಿತು. 1979ರಲ್ಲಿ ಫ್ರಾನ್ಸಿನ ಡಿಜೋನಿನಲ್ಲಿ ಗೆಲ್ಲುವವರೆಗೆ ಅವರು ನಗೆಪಾಟಲನ್ನು ಸಹಿಸಿಕೊಂಡರು.

ಕನ್ನಡಿಗರಿಗೆ ಈ ಕ್ಷೇತ್ರ ಪರಕೀಯವಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದಲ್ಲಿ ಮೋಟಾರು ಕಾರ್ಖಾನೆಯೊಂದನ್ನು ಭಾರತದಲ್ಲಿ ಸ್ಥಾಪಿಸಬೇಕೆಂದು ಯೋಜನೆ ಹಾಕಿ, ಇಳಿವಯಸ್ಸಿನಲ್ಲಿ ಯುರೋಪು ಅಮೆರಿಕಗಳನ್ನು ಸುತ್ತಿಬಂದರು. ಆಗಿನ ಸರ್ಕಾರ ಕೈಹಿಡಿಯಲಿಲ್ಲ. ಇಂದು ಬೆಂಗಳೂರಿನ ಆರ್. ವಿ. ಇಂಜಿನಿಯರಿಂಗ್ ಕಾಲೇಜಿನ ಅಶ್ವ ರೇಸಿಂಗ್ ಎಂಬ ವಿದ್ಯಾರ್ಥಿಗಳ ತಂಡವು ತಾವೇ ರೂಪಿಸಿ ಕಟ್ಟಿದ ಕಾರುಗಳನ್ನು ಹೊರದೇಶದ ಸ್ಪರ್ಧೆಗಳಿಗೂ ಒಯ್ದಿದೆ. ಅಂತಹ ವಿದ್ಯಾರ್ಥಿ ಸ್ಪರ್ಧೆಗಳ ನಿಯಮ ಸ್ವಾರಸ್ಯವಾಗಿದೆ. ಇಂಜಿನು 710 ಘನ ಸೆಂಟಿಮೀಟರನ್ನು ಮೀರಕೂಡದು. ಅದರ ಗಾಳಿಯೆಲ್ಲ ಕೇವಲ 20 ಮಿಲಿಮೀಟರು ಅಗಲದ ಒಂದು ಕಂಠದ ಮೂಲಕವೇ ಬರಬೇಕು. ಟರ್ಬೊ ಹಾಕಲು ಅನುಮತಿಯುಂಟು. ಕತ್ತು ಹಿಸುಕಿದ ಇಂಜಿನಿಗೆ ಉಸಿರು ಕೊಡುವ ಜಾಣ್ಮೆಯೇ ಅಲ್ಲಿಯ ಪರೀಕ್ಷೆ. ಅಲ್ಲಿ ಅಂಕಗಳು ವೇಗಕ್ಕೆ ಮಾತ್ರವಲ್ಲ, ವಿನ್ಯಾಸಕ್ಕೂ ಉಂಟು, ಖರ್ಚಿನ ಲೆಕ್ಕಕ್ಕೂ ಉಂಟು. ತಪಾಸಣೆಯಲ್ಲಿ ಬ್ರೇಕು ತೇರ್ಗಡೆಯಾಗದೆ ಕಾರು ಕಣಕ್ಕಿಳಿಯುವಂತೆಯೇ ಇಲ್ಲ. ನಾವು ಮೇಲೆ ಬಯಸಿದ್ದು ಇದನ್ನೇ.

ಆದರೆ ಕಾಲೇಜಿಗೆ ಹೋಗುವವರೆಗೆ ಹುಡುಗನು ಕಾಯುತ್ತಾನೆಯೆ? ಕಾಯುವುದಿಲ್ಲ. ಆದುದರಿಂದ ನಮ್ಮದೊಂದು ಸೂಚನೆ. ಬೀದಿಗೆ ಬೇಡವಾದ ಮಾರುತಿಯ ಇಂಜಿನೊಂದು ಶಾಲೆಗೆ ಬರಲಿ. ನೋಂದಾಯಿತ ಗುಜರಿ ಕೇಂದ್ರಗಳಿಂದ ರಸೀತಿಯೊಂದಿಗೆ ಅದನ್ನು ಕೊಳ್ಳಬಹುದು. ಕಾರು ಬೇಡ, ಇಂಜಿನು ಸಾಕು. ಕಬ್ಬಿಣದ ಗಟ್ಟಿ ಪೀಠದ ಮೇಲೆ ಅದನ್ನು ನಿಲ್ಲಿಸೋಣ. ಗಾಲಿಗಳಿಲ್ಲದ ಇಂಜಿನು ಯಾರನ್ನೂ ಕೊಲ್ಲದು, ಯಾವ ಕಲಮಿಗೂ ಸಿಕ್ಕದು. ಪ್ರಯೋಗಶಾಲೆಯ ಹಿಂಬದಿಯ ಬಯಲಿನಲ್ಲಿ, ಗೋಡೆಗಳಿಲ್ಲದ ಒಂದು ಮಾಡಿನ ಕೆಳಗೆ ಅದರ ಸ್ಥಾನವಿರಬೇಕು; ಮುಚ್ಚಿದ ಕೋಣೆಯಲ್ಲಿ ಇಂಜಿನಿನ ಹೊಗೆ ವಿಷವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ವಾರಕ್ಕೊಂದು ಶನಿವಾರ ಅನುಭವಿಯಾದ ಮೇಸ್ತ್ರಿಯೊಬ್ಬರು ಬರಲಿ. ಅವರಿಗೆ ಗೌರವಧನವನ್ನೂ, ಅದಕ್ಕಿಂತ ಮುಖ್ಯವಾಗಿ ಮೇಷ್ಟರಿಗೆ ಸಲ್ಲುವ ನಮಸ್ಕಾರವನ್ನೂ ನಾವು ಕೊಡತಕ್ಕದ್ದು. ಹುಡುಗಿಯರನ್ನು ಈ ಕೆಲಸದಿಂದ ದೂರವಿಡುವ ಮಾತು ಬಂದರೆ ನಾವು ವಿರೋಧಿಸುತ್ತೇವೆ. ಕೂದಲೆಳೆಯ ಸಂದಿಯನ್ನು ಅಳೆಯುವ ಕೆಲಸದಲ್ಲಿ ತೋಳಿನ ಬಲಕ್ಕೆ ಏನು ಬೆಲೆ?

ಖರ್ಚಿನ ಮಾತನ್ನು ಆಡಳಿತ ಮಂಡಳಿಯವರು ಎತ್ತುವರೆಂದು ಬಲ್ಲೆವು. ಕ್ರೀಡೋತ್ಸವದ ಶಾಮಿಯಾನಕ್ಕೆ ಆಗುವ ವೆಚ್ಚದ ಒಂದು ಪಾಲನ್ನು ಬದಿಗಿಟ್ಟರೆ ಆರಂಭಕ್ಕೆ ಸಾಕಾದೀತು. ಮೊದಲ ವರ್ಷ ಟರ್ಬೊವನ್ನು ಕೊಳ್ಳುವುದೇ ಬೇಡ. ಮೊದಲ ಮೂರು ತಿಂಗಳು ಬಿಚ್ಚುವುದು, ತೊಳೆಯುವುದು, ಪ್ರತಿ ಭಾಗಕ್ಕೂ ಚೀಟಿ ಕಟ್ಟಿ ಅದರ ಅಳತೆಯನ್ನು ಕನ್ನಡದಲ್ಲಿ ಬರೆದಿಡುವುದು. ಮುಂದಿನ ಮೂರು ತಿಂಗಳು ಮರಳಿ ಕೂಡಿಸಿ ಚಾಲೂ ಮಾಡುವುದು. ಒಂದು ಬೋಲ್ಟೂ ಮಿಗದಂತೆ ಕೂಡಿಸಿದ ತಂಡಕ್ಕೆ ಎರಡನೆಯ ವರ್ಷ ಟರ್ಬೊ. ಜನವರಿಯಲ್ಲೊಮ್ಮೆ, ಏಪ್ರಿಲಿನಲ್ಲೊಮ್ಮೆ ಒಳಹೋಗುವ ಗಾಳಿಯ ಉಷ್ಣತೆಯನ್ನು ಟರ್ಬೊವಿನ ಮುಂದೆಯೂ ಹಿಂದೆಯೂ ಅಳೆದು, ನಾವು ಮೇಲೆ ಕೊಟ್ಟ ಲೆಕ್ಕ ಸರಿಯೋ ತಪ್ಪೋ ಎಂಬುದನ್ನು ಈ ಸಂಚಿಕೆಯ ಮುಂದಿನ ವರ್ಷದ ಪುಟಗಳಲ್ಲಿ ಅವರು ಪ್ರಕಟಿಸಲಿ. ಅದಕ್ಕಾಗಿ ನಾಲ್ಕು ಪುಟಗಳನ್ನು ಕಾದಿರಿಸಲು ನಾವು ಸಂಪಾದಕರನ್ನು ಈಗಲೇ ಕೇಳಿಕೊಂಡಿದ್ದೇವೆ.